ಸಂಜೆಯ ಮೈದಾನ ಯಾರದು?

ನಮ್ಮ ಸೀಮೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ಎರಡು ಊರಿನ ಹುಡುಗರು ಸೇರಿ ಆಡುವ ಕ್ರಿಕೆಟ್ಟಿಗೆ ‘ಫ್ರೆಂಡ್ಲಿ ಮ್ಯಾಚ್’ ಎಂದು ಹೆಸರು. ಅದಕ್ಕೆ ಕಪ್ಪಿಲ್ಲ, ಶಾಮಿಯಾನವಿಲ್ಲ, ಮೈಕಿನಲ್ಲಿ ಅರಚುವವರಿಲ್ಲ. ಹೆಚ್ಚೆಂದರೆ ಸೋತವರು ಗೆದ್ದವರಿಗೆ ಒಂದು ಹೊಸ ಚೆಂಡು ಕೊಡಿಸಬೇಕು, ಇಲ್ಲವೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರಿಗೂ ಬೋಂಡ, ಟೀ. ನಾನು ಈ ಆಟದ ಪರವಾಗಿಯೇ ಬರೆಯುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನ ಮಾತುಗಳನ್ನು ಓದಿದವರು “ಈ ಟೀಚರಮ್ಮನಿಗೆ ಹುಡುಗರು ಆಡಿದರೂ ಹೊಟ್ಟೆಯುರಿ” ಅಂದುಕೊಂಡಾರು. ನನ್ನ ತಕರಾರು ಇರುವುದು ಆ ಆಟಕ್ಕೆ ಇಟ್ಟ ಹೆಸರಿನ ಮೇಲೆ. ಫ್ರೆಂಡ್ಲಿ ಅಂದರೆ ಸ್ನೇಹದ್ದು. ಯಾರ ಸ್ನೇಹ, ಯಾರೊಡನೆ? ಊರಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಮೈದಾನದ ಹೊರಗೇ ನಿಲ್ಲಿಸಿ ಆಡುವ ಆಟವನ್ನು ಸ್ನೇಹದ ಆಟ ಎಂದು ಹೇಗೆ ಕರೆಯೋಣ?

ನನ್ನ ಇಪ್ಪತ್ತೆಂಟು ವರ್ಷದ ಟೀಚರ್ ಕೆಲಸದಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈಗ ಚಿಕ್ಕಬಳ್ಳಾಪುರ ಎಂದು ನಾಲ್ಕೂ ತಾಲ್ಲೂಕಿನ ಮಣ್ಣು ತುಳಿದಿದ್ದೇನೆ. ನಾನು ಕೆಲಸಕ್ಕೆ ಸೇರಿದಾಗ ಇವೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಆಗ ಮಳೆಯಿಲ್ಲದ ವರ್ಷಗಳಲ್ಲಿ ಬತ್ತಿದ ಕೆರೆಯ ಅಂಗಳವೇ ಹುಡುಗರ ಮೈದಾನ. ಆಮೇಲೆ ಬೆಂಗಳೂರಿನ ಬಚ್ಚಲ ನೀರನ್ನು ಶುದ್ಧಮಾಡಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ನಮ್ಮ ಕೆರೆಗಳಿಗೆ ಹರಿಸಿದರು. ಎಷ್ಟೋ ಪಿಚ್ಚುಗಳು ನೀರಿನಡಿಗೆ ಹೋದವು. ಹುಡುಗರು ದಿಕ್ಕೆಡಲಿಲ್ಲ, ಸ್ಟಂಪು ಕಿತ್ತುಕೊಂಡು ಶಾಲೆಯ ಮೈದಾನಕ್ಕೆ ಬಂದರು. ಜಿಲ್ಲೆ ಬದಲಾಯಿತು, ಕೆರೆ ತುಂಬಿತು, ಮಣ್ಣಿನ ರಸ್ತೆಗೆ ಡಾಂಬರು ಬಿತ್ತು, ಕೈಕೈಗೂ ಮೊಬೈಲು ಬಂತು. ಬದಲಾಗದೆ ಉಳಿದದ್ದು ಒಂದು. ಸಂಜೆಯ ಮೈದಾನದಲ್ಲಿ ಅಂದೂ ಹುಡುಗರೇ, ಇಂದೂ ಹುಡುಗರೇ.

ಇದೇನು ದೊಡ್ಡ ವಿಷಯ, ಆಟ ತಾನೇ ಎನ್ನುವವರಿಗೆ ಆ ಆಟದಲ್ಲಿ ಹುಡುಗರು ಕಲಿಯುವುದೇನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಪಕ್ಕದೂರಿಗೆ ಹೋಗಿ ಮಾತಾಡಿಕೊಂಡು ಬರಬೇಕು. ಎಷ್ಟು ಓವರು, ಯಾವ ಚೆಂಡು, ಯಾರ ಊರಿನ ಮೈದಾನ, ಎಲ್ಲ ಬಾಯಿಮಾತಿನ ಒಪ್ಪಂದ. ಚೆಂಡಿಗೆ ತಲೆಗಿಷ್ಟು ಎಂದು ದುಡ್ಡೆತ್ತಬೇಕು. ಕೊಡಲಾಗದವನನ್ನೂ ಸೇರಿಸಿಕೊಳ್ಳುವ ದೊಡ್ಡತನ ಬೇಕು, ಯಾಕೆಂದರೆ ಹಲವು ಸಲ ಅವನೇ ಊರಿನ ಒಳ್ಳೆಯ ಬೌಲರ್ ಆಗಿರುತ್ತಾನೆ. ಬ್ಯಾಟು ಮಾಡುವ ಕಡೆಯವನೇ ಅಂಪೈರಾಗಿ ನಿಂತು ತನ್ನ ಗೆಳೆಯನನ್ನೇ ಔಟ್ ಎನ್ನಬೇಕು. ಅನ್ನದಿದ್ದರೆ ಜಗಳ. ಜಗಳವಾದರೂ ನಾಳೆ ಮತ್ತೆ ಆಡಬೇಕಲ್ಲ, ಹಾಗಾಗಿ ಕತ್ತಲಾಗುವುದರೊಳಗೆ ರಾಜಿ. ಊರೊಳಗಿನವರು, ಕಾಲೋನಿಯವರು, ಮಸೀದಿ ಬೀದಿಯವರು ಒಂದೇ ಬಾಟಲಿಯ ನೀರು ಕುಡಿದದ್ದನ್ನು ನಾನು ಕಂಡಿರುವುದು ಮೈದಾನದಲ್ಲಿ. ಎಲ್ಲ ಊರಿನಲ್ಲೂ ಹೀಗೆಯೇ ಎಂದು ಹೇಳಲಾರೆ, ಆದರೆ ಯಾವ ಸಭೆ ಸಮಾರಂಭದಲ್ಲೂ ಇಷ್ಟು ಸಲೀಸಾಗಿ ಇದು ನಡೆದದ್ದನ್ನು ನೋಡಿಲ್ಲ.

ನಾವು ಪೌರನೀತಿ ಪಾಠದಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಕಲಿಸಲಾಗದ್ದನ್ನು ಈ ಮಕ್ಕಳು ಆರು ಓವರಿನಲ್ಲಿ ಕಲಿಯುತ್ತಾರೆ. ಸೋತು ಮನೆಗೆ ಹೋಗಿ ಊಟ ಮಾಡಿ ಮಲಗುವುದು, ಗೆದ್ದವನ ಬೆನ್ನು ತಟ್ಟುವುದು, ತನ್ನ ಮಾತಿಗೆ ಹತ್ತು ಜನರನ್ನು ಒಪ್ಪಿಸುವುದು, ಹತ್ತು ಜನ ಒಪ್ಪದಿದ್ದಾಗ ಸುಮ್ಮನಾಗುವುದು. ಇವನ್ನು ಕಲಿಸುವ ಟ್ಯೂಷನ್ ಯಾವ ಊರಿನಲ್ಲೂ ಇಲ್ಲ.

ಇನ್ನು ಈ ಆಟದಲ್ಲಿ ಒಂದು ಪದ್ಧತಿಯುಂಟು. ಒಂದು ಕಡೆ ಒಬ್ಬ ಕಡಿಮೆ ಬಿದ್ದರೆ ಯಾರನ್ನಾದರೂ ‘ಕಾಮನ್’ ಮಾಡಿಕೊಳ್ಳುತ್ತಾರೆ. ಅವನು ಎರಡು ಕಡೆಗೂ ಬ್ಯಾಟು ಮಾಡುತ್ತಾನೆ, ಎರಡು ಕಡೆಗೂ ಫೀಲ್ಡಿಂಗ್ ಮಾಡುತ್ತಾನೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ಇಂಥ ಒಂದು ಮ್ಯಾಚ್ ನೋಡುತ್ತಿದ್ದೆ. ಚೆಂಡು ಹಿಪ್ಪುನೇರಳೆ ತೋಟಕ್ಕೆ ಬಿತ್ತು. ಸೊಪ್ಪು ಕೊಯ್ಯುತ್ತಿದ್ದ ಹುಡುಗಿಯೊಬ್ಬಳು, ಎಂಟನೇ ತರಗತಿ ಇದ್ದಿರಬಹುದು, ಲಂಗ ಎತ್ತಿ ಕಟ್ಟಿದ್ದವಳು ಚೆಂಡು ಹುಡುಕಿ ಅಲ್ಲಿಂದಲೇ ಎಸೆದಳು. ಅದು ಬೇಲಿ ದಾಟಿ ಒಂದೇ ಗೀಟಿನಲ್ಲಿ ಬಂದು ಕೀಪರ್ ಕೈ ಸೇರಿತು. “ಎಂಥಾ ಥ್ರೋ ನೋಡೋ!” ಎಂದು ಹುಡುಗರೇ ಕೂಗಿದರು. ಆ ದಿನ ಅವರಿಗೆ ಒಬ್ಬ ಕಡಿಮೆಯಿದ್ದ. ಹೊಟ್ಟೆನೋವು ಎನ್ನುತ್ತಿದ್ದ ಸಣ್ಣ ಹುಡುಗನೊಬ್ಬನನ್ನು ಎಳೆದು ತಂದು ಕಾಮನ್ ಮಾಡಿಕೊಂಡರು. ಬೇಲಿಯಾಚೆ ಇದ್ದವಳನ್ನು ಕರೆಯಬೇಕೆಂದು ಒಬ್ಬರಿಗೂ ತೋಚಲಿಲ್ಲ. ಅವಳಿಗೂ ತೋಚಲಿಲ್ಲ, ಮತ್ತೆ ಬಗ್ಗಿ ಸೊಪ್ಪು ಕೊಯ್ಯತೊಡಗಿದಳು. ಹುಡುಗರು ಕೆಟ್ಟವರಲ್ಲ, ಬಾರದಿರು ಎಂದು ಯಾರೂ ಅವಳನ್ನು ತಡೆಯಲಿಲ್ಲ. ಬೇಲಿ ಎಷ್ಟು ಹಳೆಯದೆಂದರೆ ಅದನ್ನು ಈಗ ಯಾರೂ ಕಾಯಬೇಕಾಗಿಲ್ಲ.

ಹಾಗಾದರೆ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ನಮ್ಮ ಹೆಣ್ಣುಮಕ್ಕಳು ಎಲ್ಲಿರುತ್ತಾರೆ? ಇದನ್ನು ಲೆಕ್ಕ ಹಾಕಿ ನೋಡಿ. ಶಿಡ್ಲಘಟ್ಟದ ಕಡೆಯಾದರೆ ಹುಳುವಿನ ಮನೆಯಲ್ಲಿ. ನಾಲ್ಕನೇ ಜ್ವರ ಎದ್ದ ಹುಳು ಹಣ್ಣಾಗುವವರೆಗೆ ಹೆಚ್ಚುಕಡಿಮೆ ಒಂದು ವಾರ, ಎಷ್ಟು ಸೊಪ್ಪು ಹಾಕಿದರೂ ತೀರದ ಹಸಿವು ಅದಕ್ಕೆ. ಮನೆ ಪೂರಾ ಅದರ ಸುತ್ತ ಸುತ್ತುತ್ತದೆ. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವುದಕ್ಕಂತೂ ಹೆಣ್ಣುಮಕ್ಕಳ ಕೈಯೇ ಬೇಕು. ಚಿಂತಾಮಣಿಯ ಕಡೆಯಾದರೆ ಟೊಮೇಟೊ ಆರಿಸಿ ಕ್ರೇಟಿಗೆ ತುಂಬುವ ಹೊತ್ತು. ಚಿಕ್ಕಬಳ್ಳಾಪುರದ ಸುತ್ತ ನಾಳೆಯ ಮಾರುಕಟ್ಟೆಗೆ ಹೂವು. ಗೌರಿಬಿದನೂರಿನ ಕಡೆ ಮುಸುಕಿನ ಜೋಳದ ಹೊಲದಿಂದ ದನಕ್ಕೆ ಮೇವು. ಎಲ್ಲ ಕಡೆಯೂ ಸಂಜೆಯ ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಅದು. ಜೊತೆಗೆ ನೀರು, ಕಸ, ಪಾತ್ರೆ, ದೀಪ, ತಮ್ಮನ ಹೋಂವರ್ಕು. ಪೇಟೆಯ ಮನೆಯಾದರೆ ಟ್ಯೂಷನ್ನು, ಆಮೇಲೆ ಮತ್ತೆ ಪಾತ್ರೆ.

ಹುಡುಗರೂ ಕೆಲಸ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಸೊಪ್ಪಿನ ಹೊರೆ ಹೊರುತ್ತಾರೆ, ಕ್ರೇಟು ಎತ್ತುತ್ತಾರೆ, ಬೆಳಗಿನ ಜಾವ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗುತ್ತಾರೆ. ಆದರೆ ಹುಡುಗನ ಕೆಲಸಕ್ಕೆ ಒಂದು ಕೊನೆಯಿದೆ. ಹೊರೆ ಇಳಿಸಿದರೆ ಅವನು ಮೈದಾನಕ್ಕೆ. ಹುಡುಗಿಯ ಕೆಲಸಕ್ಕೆ ಕೊನೆಯೆಂಬುದಿಲ್ಲ, ಒಂದು ಮುಗಿದರೆ ಇನ್ನೊಂದು ಅವಳ ಕೈಗೆ ಬರುತ್ತದೆ. ನನ್ನ ಕಣ್ಣಳತೆಯನ್ನು ನಂಬಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಉದ್ದಗಲಕ್ಕೂ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಆರು ವರ್ಷ ದಾಟಿದವರಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಣ್ಣು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾಳೆ. ಅಂಥ ಕೆಲಸ ಮಾಡುವ ಗಂಡಸು ಕೊಡುವುದು 97 ನಿಮಿಷ. ಕಳೆದು ನೋಡಿದರೆ ಮೂರು ಗಂಟೆಗೂ ಮೀರಿದ ಅಂತರ. ಆ ಅಂತರದಲ್ಲಿ ಎಂಟು ಓವರಿನ ಎರಡು ಮ್ಯಾಚ್ ಆಡಿ ಮುಗಿಸಬಹುದು.

ಇನ್ನು ನಮ್ಮ ಸಮಾಧಾನಗಳು. ಮೊದಲನೆಯದು ಭಯ. “ಕಾಲ ಕೆಟ್ಟಿದೆ ಮೇಡಂ, ಹೆಣ್ಣುಹುಡುಗಿಯನ್ನ ಸಂಜೆ ಹೊತ್ತು ಹೊರಗೆ ಹೇಗೆ ಬಿಡೋದು?” ಈ ಭಯ ಸುಳ್ಳಲ್ಲ, ಹೆಣ್ಣು ಹೆತ್ತವರ ಹೊಟ್ಟೆಯ ಸಂಕಟ ಅದು. ಆದರೆ ಅದೇ ಹುಡುಗಿ ಅದೇ ಸಂಜೆ ಹಾಲಿನ ಕ್ಯಾನು ಹಿಡಿದು ಒಬ್ಬಳೇ ಡೈರಿಗೆ ಹೋಗುತ್ತಾಳೆ. ಎಣ್ಣೆ ತರಲು ಅಂಗಡಿಗೆ ಹೋಗುತ್ತಾಳೆ. ಕರೆಂಟಿಲ್ಲದ ದಿನ ತೋಟದ ಬೋರ್‌ವೆಲ್ಲಿಗೆ ಬಿಂದಿಗೆ ಹೊತ್ತು ಹೋಗುತ್ತಾಳೆ. ಆಗೆಲ್ಲ ಕಾಲ ಒಳ್ಳೆಯದೇ? ಕೈಯಲ್ಲಿ ಕ್ಯಾನಿದ್ದರೆ ಇಲ್ಲದ ಭಯ, ಬ್ಯಾಟಿದ್ದರೆ ಎಲ್ಲಿಂದ ಬರುತ್ತದೆ? ನಾನು ಹೇಳುವುದು ಇಷ್ಟೇ. ಒಬ್ಬೊಬ್ಬಳೇ ಸಂದಿಗೊಂದಿಯಲ್ಲಿ ನಡೆಯುವುದಕ್ಕಿಂತ ಹದಿನೈದು ಹುಡುಗಿಯರು ಊರ ನಡುವಿನ ಬಯಲಿನಲ್ಲಿ ಗಲಾಟೆ ಮಾಡಿಕೊಂಡು ಆಡುವುದು ಹೆಚ್ಚು ಕ್ಷೇಮ. ಹುಡುಗಿಯರನ್ನು ದಿನವೂ ನೋಡಿ ಅಭ್ಯಾಸವಾದ ಊರಿನಲ್ಲಿ ಹುಡುಗಿ ಹೊರಗೆ ಕಂಡರೆ ಸುದ್ದಿಯಾಗುವುದಿಲ್ಲ.

ಎರಡನೆಯದು ಬಣ್ಣ. ಚಿಂತಾಮಣಿಯ ಕಡೆ ತಾಯಿಯೊಬ್ಬರು ನನಗೆ ಹೇಳಿದರು: “ನಾಳೆ ಒಂದ್ ಮನೆಗೆ ಹೋಗೋ ಹುಡ್ಗಿ ಮೇಡಂ, ಬಿಸ್ಲಲ್ಲಿ ಆಡ್ಕೊಂಡು ಕರ್ರಗಾದ್ರೆ ಯಾರು ಒಪ್ತಾರೆ?” ನಾನು ಕೇಳಿದೆ: “ಅಲ್ಲಮ್ಮಾ, ಟೊಮೇಟೊ ಬಿಡಿಸೋಕ್ಕೆ ಮಟಮಟ ಮಧ್ಯಾಹ್ನ ನೀವೇ ಕರ್ಕೊಂಡು ಹೋಗ್ತೀರಲ್ಲ, ಆ ಬಿಸಿಲು ಕಪ್ಪು ಮಾಡಲ್ವಾ?” ಅವರು ನಕ್ಕುಬಿಟ್ಟರು. “ಅದು ಕೆಲ್ಸ ಅಲ್ವಾ ಮೇಡಂ” ಅಂದರು. ಆ ನಗುವಿನಲ್ಲಿ ಎಲ್ಲವೂ ಇದೆ. ಹೆಣ್ಣಿನ ಮೈ ದುಡಿತಕ್ಕೆ ಬಿಸಿಲಿಗೆ ಬೀಳಬಹುದು, ಸಂತೋಷಕ್ಕೆ ಬೀಳಬಾರದು. ಕಪ್ಪಾದರೆ ಒಪ್ಪದ ಗಂಡಿನ ವಿಚಾರ ಬೇರೆಯೇ ಒಂದು ಲೇಖನವಾದೀತು, ಅದು ಈಗ ಬೇಡ.

ಮೂರನೆಯದು ಓದು. “ಆಟ ಆಡಿದರೆ ಮಾರ್ಕ್ಸ್ ಹೋಗುತ್ತೆ.” ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಪ್ರತಿವರ್ಷ ಪತ್ರಿಕೆಗಳಲ್ಲಿ ‘ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹ ನೋಡುತ್ತೀರಿ. ಮಾರ್ಕ್ಸಿನ ಚಿಂತೆಯೇ ನಿಜವಾಗಿದ್ದರೆ ಮೈದಾನದಿಂದ ಮೊದಲು ಒಳಗೆ ಕರೆಯಬೇಕಾದದ್ದು ಯಾರನ್ನು? ಗಣಿತದಲ್ಲಿ ಫೇಲಾದ ಹುಡುಗನಿಗೆ ಆಟ ತಪ್ಪುವುದಿಲ್ಲ, ತೊಂಬತ್ತೆರಡು ತೆಗೆದ ಹುಡುಗಿಗೆ ಆಟ ಸಿಗುವುದಿಲ್ಲ. ಆಟ ಓದಿನ ಶತ್ರು ಎಂದು ವೈದ್ಯರೂ ಹೇಳುವುದಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಹನ್ನೊಂದರಿಂದ ಹದಿನೇಳು ವರ್ಷದೊಳಗಿನ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ, ಹುಡುಗರಲ್ಲಿ 78 ಮಂದಿಗೆ ಅಷ್ಟು ಚಟುವಟಿಕೆ ಸಿಗುತ್ತಿಲ್ಲ. ಹಳ್ಳಿಯ ಹುಡುಗಿ ದುಡಿಯುತ್ತಾಳಲ್ಲ, ಅದೇ ವ್ಯಾಯಾಮ ಎನ್ನಬೇಡಿ. ನೀರು ಹೊತ್ತು ಬೆನ್ನು ಬಗ್ಗುವುದೂ ಚೆಂಡಿನ ಹಿಂದೆ ಓಡಿ ಎದೆ ಅರಳುವುದೂ ಒಂದೇ ಅಲ್ಲ ಎಂಬುದು ಎರಡನ್ನೂ ನೋಡಿದವರಿಗೆಲ್ಲ ಗೊತ್ತು.

ನಾಲ್ಕನೆಯದು “ಕ್ರಿಕೆಟ್ ಗಂಡಸರ ಆಟ” ಎಂಬ ಮಾತು. ಇದನ್ನು ಹೇಳುವವರಿಗೆ ಒಂದು ಸಣ್ಣ ಇತಿಹಾಸದ ಪಾಠ. ಕ್ರಿಕೆಟ್ಟಿನ ಮೊದಲ ವಿಶ್ವಕಪ್ ಆಡಿದವರು ಹೆಂಗಸರು, 1973ರಲ್ಲಿ, ಇಂಗ್ಲೆಂಡಿನಲ್ಲಿ. ಗಂಡಸರ ವಿಶ್ವಕಪ್ ಶುರುವಾದದ್ದು ಅದಾದ ಎರಡು ವರ್ಷಕ್ಕೆ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆದ್ದದ್ದು 1976ರಲ್ಲಿ, ಪಾಟ್ನಾದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಆಗ ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ. ಅವರ ಕಾಲದ ಹೆಣ್ಣುಮಕ್ಕಳು ಕಾದಿರಿಸದ ರೈಲುಬೋಗಿಯಲ್ಲಿ ಕೂತು ಹೋಗಿ, ಸಿಕ್ಕ ಹಾಸ್ಟೆಲಿನ ನೆಲದ ಮೇಲೆ ಮಲಗಿ ದೇಶಕ್ಕಾಗಿ ಆಡಿದರು. ಅವರ ಆಟವನ್ನು ಭಾರತ ಕ್ರಿಕೆಟ್ ಮಂಡಳಿ ತನ್ನ ಆಶ್ರಯಕ್ಕೆ ತೆಗೆದುಕೊಂಡದ್ದು 2006ರಲ್ಲಿ.

ದೊಡ್ಡ ಊರಿನವರ ಕಥೆ ಬಿಡಿ ಎನ್ನುತ್ತೀರೋ? ವೇದಾ ಕೃಷ್ಣಮೂರ್ತಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ಹುಡುಗಿ, ಊರಿನ ಬೀದಿಯಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ರಾಜೇಶ್ವರಿ ಗಾಯಕವಾಡ್ ವಿಜಯಪುರದವಳು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟನ್ನು 15 ರನ್ನಿಗೆ ಕಿತ್ತವಳು. ಆ ಸಲ ಲಾರ್ಡ್ಸ್ ಮೈದಾನದ ಫೈನಲ್ಲಿನಲ್ಲಿ ಒಂಬತ್ತು ರನ್ನಿನಿಂದ ಸೋತ ತಂಡದಲ್ಲಿ ಇಬ್ಬರೂ ಇದ್ದರು. ಕಡೂರು ನಮ್ಮ ಚಿಂತಾಮಣಿಗಿಂತ ದೊಡ್ಡ ಪೇಟೆಯೇನಲ್ಲ. ವ್ಯತ್ಯಾಸ ಒಂದೇ, ಆ ಬೀದಿಯಲ್ಲಿ ಯಾರೋ ಆ ಹುಡುಗಿಯ ಕೈಗೆ ಬ್ಯಾಟು ಕೊಟ್ಟರು, ಮನೆಯವರು ಅದನ್ನು ಕಿತ್ತುಕೊಳ್ಳಲಿಲ್ಲ.

2025ರ ನವೆಂಬರ್ 2ರ ರಾತ್ರಿ ನೆನಪಿದೆಯೇ? ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಶೆಫಾಲಿ ವರ್ಮಾ 87 ಹೊಡೆದಳು, ದೀಪ್ತಿ ಶರ್ಮಾ ಐದು ವಿಕೆಟ್ ತೆಗೆದಳು. ನಮ್ಮ ಬೀದಿಯಲ್ಲೂ ಪಟಾಕಿ ಸಿಡಿಯಿತು. ಹೊಡೆದವರು ಹುಡುಗರೇ, ಅವರ ಖುಷಿಯಲ್ಲಿ ಕಪಟವಿರಲಿಲ್ಲ. ಆದರೆ ಮಾರನೆಯ ಸಂಜೆಯೂ ಮೈದಾನದಲ್ಲಿ ಅದೇ ಹುಡುಗರು, ಅದೇ ಆಟ; ಹುಡುಗಿಯರು ಅದೇ ಡೈರಿಯ ಸಾಲಿನಲ್ಲಿ. ಟೀವಿಯಲ್ಲಿ ಗೆದ್ದ ಹುಡುಗಿ ನಮ್ಮ ಹೆಮ್ಮೆಯ ಮಗಳು, ನಮ್ಮ ಬೀದಿಯಲ್ಲಿ ಬ್ಯಾಟು ಹಿಡಿದವಳು ಗಂಡುಬೀರಿ! ಈ ಎರಡು ಮಾತನ್ನು ಒಂದೇ ಬಾಯಲ್ಲಿ ಆಡುವುದು ನಮಗೆ ಹೇಗೆ ಸಾಧ್ಯವಾಗುತ್ತದೆ?

ನಮ್ಮ ನೆರೆಯ ಮುದ್ದೇನಹಳ್ಳಿಯನ್ನೇ ನೋಡಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. 2024ರ ಜನವರಿ 18ರಂದು ಅಲ್ಲಿಯ ಕ್ರೀಡಾಂಗಣದಲ್ಲಿ ‘ಒನ್ ವರ್ಲ್ಡ್ ಒನ್ ಫ್ಯಾಮಿಲಿ’ ಹೆಸರಿನ ಸ್ನೇಹದ ಪಂದ್ಯ ನಡೆಯಿತು. ಒಂದು ಕಡೆಗೆ ಸಚಿನ್ ತೆಂಡೂಲ್ಕರ್ ನಾಯಕ, ಇನ್ನೊಂದು ಕಡೆಗೆ ಯುವರಾಜ್ ಸಿಂಗ್. ಕೊನೆಯ ಓವರಿನಲ್ಲಿ ಅಣ್ಣ ಯೂಸುಫ್ ಪಠಾಣ್ ಹಾಕಿದ ಚೆಂಡನ್ನು ತಮ್ಮ ಇರ್ಫಾನ್ ಸಿಕ್ಸರ್ ಎತ್ತಿ ಸಚಿನ್ ತಂಡವನ್ನು ಗೆಲ್ಲಿಸಿದ. ಅಣ್ಣನೇ ತಮ್ಮನನ್ನು ಅಪ್ಪಿಕೊಂಡ. ನಮ್ಮೂರ ಮೈದಾನದ ಫ್ರೆಂಡ್ಲಿ ಮ್ಯಾಚಿನ ಸೊಗಸೂ ಇಂಥದ್ದೇ, ಹೆಸರು ಮಾತ್ರ ಸಣ್ಣದು. ಜಗತ್ತು ಒಂದೇ, ಕುಟುಂಬ ಒಂದೇ ಎಂಬ ಮಾತು ನನಗೆ ಬಹಳ ಇಷ್ಟವಾಯಿತು. ಕುಟುಂಬ ಎಂದ ಮೇಲೆ ಅದರಲ್ಲಿ ಅಕ್ಕತಂಗಿಯರೂ ಇರುತ್ತಾರೆ ಎಂಬುದನ್ನು ಸೇರಿಸಿಕೊಂಡರೆ ಆ ಮಾತು ಪೂರ್ತಿಯಾಗುತ್ತದೆ.

ಈಗ ನನ್ನ ನಿಜವಾದ ಆತಂಕಕ್ಕೆ ಬರುತ್ತೇನೆ. ಎಲ್ಲ ಹುಡುಗಿಯರೂ ವಿಶ್ವಕಪ್ ಆಡಲಿ ಎಂದು ನಾನು ಕೇಳುತ್ತಿಲ್ಲ. ಮೈದಾನದ ಹುಡುಗರಲ್ಲೂ ಯಾರೂ ಸಚಿನ್ ಆಗುವುದಿಲ್ಲ. ಅವರು ಮುಂದೆ ರೇಷ್ಮೆ ಬೆಳೆಯುತ್ತಾರೆ, ಟೆಂಪೊ ಓಡಿಸುತ್ತಾರೆ, ಹಾಲಿನ ಸಂಘದ ಸೆಕ್ರೆಟರಿ ಆಗುತ್ತಾರೆ, ಪಂಚಾಯಿತಿ ಮೆಂಬರಾಗುತ್ತಾರೆ. ಅಲ್ಲಿಗೆ ಹೋದಾಗ ಅವರಿಗೆ ಮೈದಾನದ ಪಾಠ ಕೈಹಿಡಿಯುತ್ತದೆ. ಪಕ್ಕದೂರಿನ ಮೆಂಬರು ಅಂದಿನ ಎದುರು ತಂಡದ ಕೀಪರ್ ಆಗಿರುತ್ತಾನೆ, ಒಂದು ಫೋನಿನಲ್ಲಿ ಕೆಲಸವಾಗುತ್ತದೆ. ನಾಲ್ಕು ಜನರೆದುರು ದನಿ ಎತ್ತುವುದು, “ಇದು ನೋಬಾಲ್, ನಾನು ಒಪ್ಪೋದಿಲ್ಲ” ಎನ್ನುವುದು ಹತ್ತನೇ ವಯಸ್ಸಿಗೇ ರೂಢಿಯಾಗಿರುತ್ತದೆ.

ನಮ್ಮ ಕರ್ನಾಟಕ ಹೆಣ್ಣುಮಕ್ಕಳಿಗೆ ಕುರ್ಚಿ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. 1987ರ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿನ ಚುನಾವಣೆಯಲ್ಲೇ ನಾಲ್ಕರಲ್ಲಿ ಒಂದು ಭಾಗ ಸ್ಥಾನ ಹೆಂಗಸರಿಗಿತ್ತು. 2010ರ ಪಂಚಾಯಿತಿ ಚುನಾವಣೆಯಿಂದ ಅರ್ಧದಷ್ಟು ಸ್ಥಾನ ಅವರದು. ಕುರ್ಚಿ ಬಂತು. ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ಊರು ಆಳಿದ ಹೆಂಗಸರನ್ನು ನಾನು ನೋಡಿದ್ದೇನೆ, ಅವರಿಗೆ ನಮಸ್ಕಾರ. ಆದರೆ ಹೆಂಡತಿ ಮೆಂಬರು, ಗಂಡ ಸಭೆಗೆ ಬಂದು ಮಾತಾಡುವವನು ಎಂಬ ನಾಟಕವನ್ನು ನೋಡದವರು ಯಾರಿದ್ದಾರೆ? ಅವಳನ್ನು ದಡ್ಡಿ ಎನ್ನುತ್ತಾರೆ. ಅವಳು ದಡ್ಡಿಯಲ್ಲ. ಐದನೇ ತರಗತಿ ದಾಟಿದ ಮೇಲೆ ಮೂವತ್ತನೇ ವಯಸ್ಸಿನವರೆಗೆ ನಾಲ್ಕು ಜನರ ನಡುವೆ ನಿಂತು “ನಾನು ಒಪ್ಪೋದಿಲ್ಲ” ಎನ್ನುವ ಒಂದು ಸಂಜೆಯನ್ನೂ ನಾವು ಅವಳಿಗೆ ಕೊಡಲಿಲ್ಲ. ಕೊನೆಗೆ ಒಂದು ದಿನ ಮೈಕು ಕೊಟ್ಟು ಮಾತಾಡು ಎಂದೆವು. ಕ್ರಿಕೆಟ್ ಆಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎನ್ನುವಷ್ಟು ಮುಗ್ಧೆ ನಾನಲ್ಲ. ಆದರೆ ಈಜು ಬರಬೇಕಾದರೆ ನೀರಿಗಿಳಿಯಬೇಕು. ಊರಿನ ಮಕ್ಕಳು ಸಾರ್ವಜನಿಕ ಬದುಕಿನ ನೀರಿಗೆ ಮೊದಲು ಇಳಿಯುವ ಮೆಟ್ಟಿಲು ಸಂಜೆಯ ಮೈದಾನ.

“ಹುಡುಗಿಯರಿಗೆ ಖೋಖೋ, ಥ್ರೋಬಾಲ್ ಇದೆಯಲ್ಲ, ಶಾಲೆಯಲ್ಲಿ ಆಡಿಸುತ್ತೀರಲ್ಲ” ಎನ್ನುವವರಿದ್ದಾರೆ. ಆಡಿಸುತ್ತೇವೆ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹುಡುಗಿಯರನ್ನು ಕರೆದೊಯ್ಯುತ್ತೇವೆ, ಅವರು ಬಹುಮಾನವನ್ನೂ ತರುತ್ತಾರೆ. ಆದರೆ ಅಲ್ಲಿ ಸೀಟಿ ಊದುವುದು ನಾವು, ತಂಡ ಆರಿಸುವುದು ನಾವು, ಜಗಳ ಬಿಡಿಸುವುದೂ ನಾವು. ಸಂಜೆಯ ಮ್ಯಾಚಿನಲ್ಲಿ ಮೇಷ್ಟರಿಲ್ಲ, ಎಲ್ಲವನ್ನೂ ಮಕ್ಕಳೇ ತೀರ್ಮಾನಿಸಬೇಕು. ಅದರ ಬೆಲೆ ಇರುವುದೇ ಅಲ್ಲಿ. ಹುಡುಗಿಯರು ಕ್ರಿಕೆಟ್ಟೇ ಆಡಬೇಕೆಂಬ ಹಟವೂ ನನಗಿಲ್ಲ. ಕಬಡ್ಡಿಯಾಡಲಿ, ಲಗೋರಿಯಾಡಲಿ, ಸುಮ್ಮನೆ ಓಡಲಿ. ಯಾರ ಅಪ್ಪಣೆಗೂ ಕಾಯದೆ ಆಡಲಿ, ಸಾಕು.

ಏನು ಮಾಡಬೇಕು ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಯೋಜನೆಯಿಲ್ಲ. ಶಾಲೆಯ ಮೈದಾನ ಸರ್ಕಾರದ್ದು, ಅಂದರೆ ಊರಿನದು, ಊರಿನ ಎಲ್ಲ ಮಕ್ಕಳದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನವಿರಬೇಕೆಂದು ಹೇಳುತ್ತದೆ. ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಅದಕ್ಕೆ ಎಸ್‌ಡಿಎಂಸಿ ಎನ್ನುತ್ತೇವೆ. ಆ ಅರ್ಧದಲ್ಲಿ ನೀವೋ ನಿಮ್ಮ ಓರಗಿತ್ತಿಯೋ ಪಕ್ಕದ ಮನೆಯವರೋ ಇದ್ದೇ ಇರುತ್ತಾರೆ. ಮುಂದಿನ ಸಭೆಯಲ್ಲಿ ಒಂದೇ ಒಂದು ಠರಾವು ಬರೆಸಿ: ವಾರದಲ್ಲಿ ಮೂರು ಸಂಜೆ ಮೈದಾನ ಹೆಣ್ಣುಮಕ್ಕಳದು. ಹುಡುಗರು ಗೊಣಗುತ್ತಾರೆ, ಗೊಣಗಲಿ. ಆಮೇಲೆ ಅವರೇ ಅಂಪೈರ್ ಮಾಡಲು ಬರುತ್ತಾರೆ, ಇನ್ನೂ ಸ್ವಲ್ಪ ದಿನಕ್ಕೆ ಒಬ್ಬ ಕಡಿಮೆ ಬಿದ್ದಾಗ ಕಾಮನ್ ಎಂದು ಹುಡುಗಿಯನ್ನೇ ಕರೆಯುತ್ತಾರೆ. ಹುಡುಗರನ್ನು ನಾನು ಬಲ್ಲೆ. ಅವರಿಗೆ ಬೇಕಾದದ್ದು ಒಳ್ಳೆಯ ಫೀಲ್ಡರ್.

ಪೇಟೆಯಲ್ಲಿರುವ ನನ್ನ ಓದುಗ ಸೋದರಿಯರೇ, ಇದು ಹಳ್ಳಿಯ ಸಮಸ್ಯೆ ಎಂದು ಪುಟ ತಿರುವಬೇಡಿ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ.ವಿ. ಕ್ರೀಡಾಂಗಣವಿದೆ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ. ಚಿಂತಾಮಣಿಯವರು ತಮ್ಮ ಮೈದಾನಕ್ಕೆ ಝಾನ್ಸಿ ರಾಣಿಯ ಹೆಸರನ್ನೇ ಇಟ್ಟಿದ್ದಾರೆ. ಕುದುರೆಯೇರಿ ಕತ್ತಿ ಹಿಡಿದ ಹೆಣ್ಣಿನ ಹೆಸರು! ಈ ವಾರ ತರಕಾರಿಗೆಂದು ಹೊರಟಾಗ ಸಂಜೆ ಐದೂವರೆಗೆ ನಿಮ್ಮೂರಿನ ಮೈದಾನದ ಮುಂದೆ ಎರಡು ನಿಮಿಷ ನಿಲ್ಲಿ. ಆಡುತ್ತಿರುವವರಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಎಣಿಸಿ. ಬೆಳಿಗ್ಗೆ ವಾಕಿಂಗ್ ಬರುವ ನಮ್ಮಂಥ ಹೆಂಗಸರನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾವು ಬರುವುದು ಸಕ್ಕರೆ ಕಾಯಿಲೆಯ ಡಾಕ್ಟರು ಹೇಳಿದ್ದಕ್ಕೆ. ಹೆಣ್ಣು ಓಡಾಡಲು ನಲವತ್ತೈದಾಗಬೇಕು, ಕೈಯಲ್ಲಿ ಡಾಕ್ಟರ ಚೀಟಿ ಇರಬೇಕು ಎಂಬ ಪದ್ಧತಿಯನ್ನು ಮಗಳ ಕಾಲಕ್ಕಾದರೂ ನಿಲ್ಲಿಸೋಣ.

ಪ್ರಶ್ನೆ ಕೇಳಿ ಎಂದು ನಾಡಿಗೆಲ್ಲ ಹೇಳಿಕೊಟ್ಟ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ನಮ್ಮ ನೆಲದವರು. ಅವರ ನೆಲದಲ್ಲಿ ನಿಂತು ಇಷ್ಟು ಸಣ್ಣ ಪ್ರಶ್ನೆಯನ್ನಾದರೂ ನಾವು ಕೇಳಿಕೊಳ್ಳಬೇಡವೇ? ಹಬ್ಬದ ದಿನ ಎರಡು ಮೊಳ ಮಲ್ಲಿಗೆಗೆ ಕೊಡುವ ದುಡ್ಡಿಗೆ ಒಂದು ಟೆನ್ನಿಸ್ ಚೆಂಡು ಬರುತ್ತದೆ. ಈ ಸಲ ಮಗಳಿಗೆ ಹೂವಿನ ಜೊತೆ ಅದನ್ನೂ ತಂದುಕೊಡಿ. ಸಂಜೆಯ ಹಾಲನ್ನು ಡೈರಿಗೆ ಹಾಕಿಬರಲು ಅವಳ ಅಣ್ಣನಿಗೆ ಹೇಳಿ.